ಒಪ್ಪಿದಷ್ಟು ಕೆಲಸ ಮಾಡಿದವರಿಗೆ ಶಿಕ್ಷೆ ಏಕೆ? ಕಾರ್ಮಿಕ ಸಚಿವರಿಗೆ ಒಂದು ಬಹಿರಂಗ ಪತ್ರ

ಕರ್ನಾಟಕ ಸರ್ಕಾರದ ಮಾನ್ಯ ಕಾರ್ಮಿಕ ಸಚಿವರಿಗೆ,

ನಮಸ್ಕಾರಗಳು.

ಮೂವತ್ತೊಂದು ವರ್ಷ ಬೆಂಗಳೂರಿನ ಕಾರ್ಖಾನೆಗಳ ಸಿಬ್ಬಂದಿ ವಿಭಾಗದಲ್ಲಿ ದುಡಿದು ನಿವೃತ್ತನಾದವನು ನಾನು. ಕಾರಣ ಕೇಳಿ ನೋಟಿಸ್, ಆರೋಪಪಟ್ಟಿ, ಅಮಾನತು ಆದೇಶ, ವಜಾ ಆದೇಶ, ಇವುಗಳನ್ನು ಬರೆಯುವುದೇ ನನ್ನ ಕೆಲಸವಾಗಿತ್ತು. ಅವುಗಳಲ್ಲಿ ಬಹುಪಾಲು ನ್ಯಾಯವಾಗಿಯೇ ಇದ್ದವೆಂದು ಇಂದಿಗೂ ನಂಬಿದ್ದೇನೆ. ಒಂದು ಮಾತ್ರ ನ್ಯಾಯವಾಗಿರಲಿಲ್ಲ. ಆ ಒಂದರ ಕಾರಣಕ್ಕೇ ಈ ಪತ್ರ ಬರೆಯುತ್ತಿದ್ದೇನೆ.

ತೊಂಬತ್ತರ ದಶಕದ ಕೊನೆ. ಪೀಣ್ಯದಲ್ಲಿ ಯಂತ್ರದ ಬಿಡಿಭಾಗ ತಯಾರಿಸುವ ಒಂದು ಕಾರ್ಖಾನೆ. ಅಲ್ಲಿ ಲೇತ್ ಮೇಲೆ ಕೆಲಸ ಮಾಡುವ ಒಬ್ಬ ಟರ್ನರ್ ಇದ್ದರು. ಕೈಗಾರಿಕಾ ವಿವಾದಗಳ ಕಾಯ್ದೆಯ 12(3)ರಡಿ ರಾಜಿ ಅಧಿಕಾರಿಯ ಮುಂದೆ ಸಹಿಯಾದ ಒಪ್ಪಂದದ ಪ್ರಕಾರ ಒಂದು ಶಿಫ್ಟಿಗೆ 110 ಬಿಡಿಭಾಗ. ಅವರು ದಿನವೂ 110 ಮಾಡುತ್ತಿದ್ದರು, ಅಳತೆಯಲ್ಲಿ ಕೂದಲೆಳೆಯಷ್ಟು ತಪ್ಪಿಲ್ಲದಂತೆ. ಮಧ್ಯಾಹ್ನ ಎರಡರ ಸೈರನ್ ಕೂಗಿದರೆ ಕೈ ತೊಳೆದು, ಕಾರ್ಡ್ ಪಂಚ್ ಮಾಡಿ, ಮನೆಗೆ ಹೋಗುತ್ತಿದ್ದರು. ಆ ವರ್ಷ ಆರ್ಡರು ಹೆಚ್ಚಾಗಿತ್ತು. ಮೇಲ್ವಿಚಾರಕರು ಬಾಯಿಮಾತಿನಲ್ಲಿ 130 ಕೇಳಿದರು. ಕೆಲವರು ಮಾಡಿಕೊಟ್ಟರು, ಓಟಿ ಇಲ್ಲದೆ ಒಂದು ಗಂಟೆ ಹೆಚ್ಚು ನಿಂತರು. ಈ ಮನುಷ್ಯ ನಿಲ್ಲಲಿಲ್ಲ. ಜಗಳವಾಡಲಿಲ್ಲ, ಘೋಷಣೆ ಕೂಗಲಿಲ್ಲ, ಬೇರೆಯವರನ್ನು ಎತ್ತಿಕಟ್ಟಲೂ ಇಲ್ಲ. ತನ್ನ ನೂರಹತ್ತನ್ನು ಮುಗಿಸಿ ಹೊರಡುತ್ತಿದ್ದರು, ಅಷ್ಟೇ.

ಮ್ಯಾನೇಜರು ನನ್ನನ್ನು ಕರೆಸಿ "ಇವನ ಮೇಲೆ ಗೋ-ಸ್ಲೋ ಹಾಕಿ" ಎಂದರು. ನಾನು ಹಾಕಿದೆ. "ಉದ್ದೇಶಪೂರ್ವಕವಾಗಿ ನಿಧಾನಗತಿಯಲ್ಲಿ ಕೆಲಸ ಮಾಡಿ ಉತ್ಪಾದನೆಗೆ ಅಡ್ಡಿಪಡಿಸಿದ್ದೀರಿ" ಎಂಬ ವಾಕ್ಯ ನನ್ನದೇ. ಆಂತರಿಕ ವಿಚಾರಣೆ ನಡೆಯಿತು, ಆರೋಪ ಸಾಬೀತಾಯಿತು ಎಂದು ವರದಿ ಬಂತು, ವಜಾ ಆದೇಶ ಹೊರಟಿತು. ಅವರು ಕಾರ್ಮಿಕ ನ್ಯಾಯಾಲಯಕ್ಕೆ ಹೋದರು. ಆಡಳಿತ ವರ್ಗದ ಸಾಕ್ಷಿಯಾಗಿ ಕಟಕಟೆ ಹತ್ತಿದವನು ನಾನು. ಅವರ ಪರ ವಕೀಲರು ಹೆಚ್ಚೇನೂ ಕೇಳಲಿಲ್ಲ. ಒಪ್ಪಂದದಲ್ಲಿರುವ ಸಂಖ್ಯೆ ಎಷ್ಟು ಎಂದರು. ನೂರಹತ್ತು ಎಂದೆ. ಆರೋಪಪಟ್ಟಿಯಲ್ಲಿರುವ ದಿನಗಳಲ್ಲಿ ಇವರು ಮಾಡಿದ್ದು ಎಷ್ಟು ಎಂದರು. ನೂರಹತ್ತು ಎಂದೆ.

ವಜಾ ರದ್ದಾಯಿತು. ಅರ್ಧ ಹಿಂಬಾಕಿ ವೇತನದೊಂದಿಗೆ ಮರಳಿ ಕೆಲಸಕ್ಕೆ ತೆಗೆದುಕೊಳ್ಳಬೇಕೆಂದು ತೀರ್ಪು ಬಂತು. ಆದರೆ ಅಷ್ಟರಲ್ಲಿ ಆರು ವರ್ಷ ಕಳೆದಿತ್ತು. ಹೆಂಡತಿಯ ಒಡವೆ ಗಿರವಿ ಅಂಗಡಿ ಸೇರಿತ್ತು. ಮಗಳ ಓದು ಪಿಯುಸಿಗೆ ನಿಂತುಹೋಗಿತ್ತು. ಆ ಹುಡುಗಿಯ ಓದನ್ನು ಯಾವ ಹಿಂಬಾಕಿ ವೇತನವೂ ತಂದುಕೊಡಲಿಲ್ಲ.

ಇದನ್ನು ಈಗ ಏಕೆ ಹೇಳುತ್ತಿದ್ದೇನೆ ಎಂದರೆ, ಕಳೆದ ವರ್ಷ ನನ್ನ ಅಕ್ಕನ ಮಗಳು ಒಂದು ಪತ್ರ ತಂದು ತೋರಿಸಿದಳು. ಹೊರವರ್ತುಲ ರಸ್ತೆಯ ಸಾಫ್ಟ್‌ವೇರ್ ಕಂಪನಿಯೊಂದರಲ್ಲಿ ಒಂಬತ್ತು ವರ್ಷದಿಂದ ಕೆಲಸದಲ್ಲಿದ್ದಾಳೆ. ಸಂಜೆ ಆರೂವರೆಗೆ ಹೊರಟರೆ ಮಾತ್ರ ಮಗುವನ್ನು ಡೇಕೇರ್‌ನಿಂದ ಹೊತ್ತಿಗೆ ಸರಿಯಾಗಿ ಕರೆದುಕೊಳ್ಳಲು ಸಾಧ್ಯ. ಆರೂವರೆಯವರೆಗೆ ಒಪ್ಪಿಸಿದ ಕೆಲಸವನ್ನೆಲ್ಲ ಮಾಡುತ್ತಾಳೆ, ಗಡುವು ತಪ್ಪಿಸಿಲ್ಲ. ರಾತ್ರಿ ಹತ್ತರ ಕರೆಗಳನ್ನು ಮಾತ್ರ ಒಂದೂವರೆ ವರ್ಷದಿಂದ ನಿಲ್ಲಿಸಿದ್ದಳು. ಆ ಪತ್ರ ಅವಳನ್ನು "ಪಿಐಪಿ"ಗೆ, ಅಂದರೆ ಕಾರ್ಯಕ್ಷಮತೆ ಸುಧಾರಿಸಿಕೊಳ್ಳುವ ಗಡುವಿಗೆ, ಹಾಕಿತ್ತು. ಅರವತ್ತು ದಿನ. ಅದರೊಳಗೆ ತಾನಾಗಿ ರಾಜೀನಾಮೆ ಕೊಟ್ಟರೆ ಎರಡು ತಿಂಗಳ ಸಂಬಳ, ಒಳ್ಳೆಯ ಅನುಭವ ಪತ್ರ.

"ಮಾಮ, ನಾನು ಯಾವ ಕೆಲಸ ಬಾಕಿ ಉಳಿಸಿದ್ದೇನೆ ಎಂದು ಕೇಳಿದೆ. ಯಾವುದೂ ಇಲ್ಲ ಎಂದರು. ಮತ್ತೆ ಏನು ಸುಧಾರಿಸಲಿ?" ಎಂದಳು.

ಇಂಗ್ಲಿಷಿನಲ್ಲಿದ್ದ ಆ ಪತ್ರವನ್ನು ಮೂರು ಸಲ ಓದಿದೆ. ಅದರ ತಿರುಳನ್ನು ಕನ್ನಡದಲ್ಲಿ ಹೇಳಿದರೆ ಹೀಗೆ: ಎರಡು ವರ್ಷ ಸತತವಾಗಿ ಈಕೆ ನಿರೀಕ್ಷೆಯನ್ನಷ್ಟೇ ಪೂರೈಸಿದ್ದಾರೆ, ಈಕೆಯಲ್ಲಿ ಮಾಲೀಕತ್ವದ ಭಾವನೆ ಕಡಿಮೆ. ಸಚಿವರೇ, ಆ "ಅಷ್ಟೇ" ಎಂಬ ಪದವನ್ನು ನೋಡಿ. ಅದನ್ನು ತೆಗೆದುಬಿಟ್ಟರೆ ಆ ವಾಕ್ಯ ಉದ್ಯೋಗದಾತರೇ ಕೊಟ್ಟ ಪ್ರಮಾಣಪತ್ರ. ಒಪ್ಪಿದ ಕೆಲಸ ಪೂರ್ತಿಯಾಗಿ ನಡೆದಿದೆ ಎಂದು ಅವರೇ ಬರೆದು ಸಹಿ ಹಾಕಿದ್ದಾರೆ. ಇನ್ನು ಭಾವನೆ ಕಡಿಮೆ ಎಂಬ ಆರೋಪಕ್ಕೆ ಯಾರು ತಾನೇ ಏನೆಂದು ಸಮಜಾಯಿಷಿ ಕೊಟ್ಟಾರು? ನಾನು ಬರೆದ ಕೆಟ್ಟ ಆರೋಪಪಟ್ಟಿಯಲ್ಲಿ ಕನಿಷ್ಠ ಒಂದು ಸಂಖ್ಯೆಯಾದರೂ ಇತ್ತು. ಆ ಸಂಖ್ಯೆ ಹಿಡಿದುಕೊಂಡೇ ಆ ಟರ್ನರ್ ಗೆದ್ದರು. ಇವಳ ಕೈಗೆ ಹಿಡಿಯಲು ಏನೂ ಕೊಟ್ಟಿಲ್ಲ.

ಹೀಗೆ ಒಪ್ಪಿದಷ್ಟನ್ನೇ ಮಾಡುವುದಕ್ಕೆ 2022ರ ಸುಮಾರಿಗೆ ಸಾಮಾಜಿಕ ಜಾಲತಾಣಗಳಿಂದ "ಕ್ವಯಟ್ ಕ್ವಿಟಿಂಗ್" ಎಂಬ ಹೆಸರು ಬಂತು. ಸದ್ದಿಲ್ಲದೆ ಕೆಲಸ ಬಿಡುವುದು ಎಂದು ಅದರ ಅರ್ಥ. ಈ ಹೆಸರೇ ಅನ್ಯಾಯದ್ದು. ಇಲ್ಲಿ ಯಾರೂ ಏನನ್ನೂ ಬಿಟ್ಟಿಲ್ಲ. ಕೆಲಸವಿದೆ, ಹಾಜರಾತಿಯಿದೆ, ಫಲವಿದೆ. ನಿಂತುಹೋಗಿರುವುದು ಪುಕ್ಕಟೆಯಾಗಿ ಕೊಡುತ್ತಿದ್ದದ್ದು ಮಾತ್ರ. ಹಾಲಿನವನು ಇಷ್ಟು ದಿನ ಒಂದು ಲೀಟರಿಗೆ ಕೊಸರು ಅಂತ ಕಾಲು ಲೀಟರು ಹೆಚ್ಚು ಹಾಕುತ್ತಿದ್ದ, ನಾಳೆಯಿಂದ ಸರಿಯಾಗಿ ಒಂದು ಲೀಟರು ಅಳೆದು ಕೊಟ್ಟರೆ ಅವನನ್ನು ಕಳ್ಳ ಎನ್ನುತ್ತೇವೆಯೇ?

ಕಾನೂನು ಈ ವಿಷಯದಲ್ಲಿ ಮೂಕವಾಗಿಲ್ಲ. ಮೂರು ಬೇರೆ ಬೇರೆ ಸಂಗತಿಗಳನ್ನು ಅದು ಬೇರೆ ಬೇರೆಯಾಗಿಯೇ ನೋಡುತ್ತದೆ. ಮಾಡಬಲ್ಲ ಕೆಲಸವನ್ನು ಬೇಕೆಂದೇ ಎಳೆಯುವುದು ಒಂದು. ಮನಸ್ಸಿದ್ದೂ ಚೆನ್ನಾಗಿ ಮಾಡಲು ಆಗದಿರುವುದು ಇನ್ನೊಂದು. ಒಪ್ಪಿದ್ದನ್ನು ಪೂರ್ತಿ ಮಾಡಿ ಅಲ್ಲಿಗೆ ನಿಲ್ಲಿಸುವುದು ಮೂರನೆಯದು. ನಮ್ಮ ಕಂಪನಿಗಳು ಈ ಮೂರನ್ನೂ ಒಂದೇ ಚೀಲಕ್ಕೆ ತುಂಬುತ್ತಿವೆ.

ಮೊದಲನೆಯದರ ಬಗ್ಗೆ ನನಗೆ ಯಾವ ಮರುಕವೂ ಇಲ್ಲ. ನಾನು ಅದನ್ನು ಕಣ್ಣಾರೆ ಕಂಡಿದ್ದೇನೆ. ಬೋನಸ್ ವಿವಾದವೊಂದರಲ್ಲಿ ಕುಲುಮೆ ವಿಭಾಗದವರು ಮೂರು ವಾರ ಉತ್ಪಾದನೆಯನ್ನು ಅರ್ಧಕ್ಕಿಂತ ಕೆಳಗೆ ಇಳಿಸಿದರು. ಎಲ್ಲರೂ ಯಂತ್ರದ ಮುಂದೆ ನಿಂತಿದ್ದರು, ಎಲ್ಲರ ಸಂಬಳವೂ ಓಡುತ್ತಿತ್ತು, ಕುಲುಮೆ ಸುಮ್ಮನೆ ಉರಿಯುತ್ತಿತ್ತು. ಕೊನೆಗೆ ಕೂಲಿ ಕಳೆದುಕೊಂಡವರು ಹೊರಗೆ ಲಾರಿಗೆ ಸರಕು ತುಂಬುವ ಗುತ್ತಿಗೆ ಹಮಾಲರು. ಸುಪ್ರೀಂ ಕೋರ್ಟ್ 1961ರಲ್ಲಿ ಭಾರತ್ ಶುಗರ್ ಮಿಲ್ಸ್ ಪ್ರಕರಣದಲ್ಲಿ ಗೋ-ಸ್ಲೋ ಮಾಡುವುದು ಮುಷ್ಕರಕ್ಕಿಂತಲೂ ಹೆಚ್ಚು ಹಾನಿಕರ ಎಂದು ಕಟುವಾಗಿಯೇ ಹೇಳಿತು. ಮುಷ್ಕರ ಹೂಡಿದವನು ಸಂಬಳ ಬಿಡುತ್ತಾನೆ, ಇವನು ಸಂಬಳವನ್ನೂ ಪಡೆದು ಕೆಲಸವನ್ನೂ ಕೊಲ್ಲುತ್ತಾನೆ ಎಂಬುದು ಅದರ ತರ್ಕ. 1947ರ ಕೈಗಾರಿಕಾ ವಿವಾದಗಳ ಕಾಯ್ದೆಯ ಐದನೆಯ ಅನುಸೂಚಿ ಉದ್ದೇಶಪೂರ್ವಕ ಗೋ-ಸ್ಲೋವನ್ನು ಅನುಚಿತ ಕಾರ್ಮಿಕ ಪದ್ಧತಿಗಳ ಪಟ್ಟಿಗೆ ಸೇರಿಸಿತು. 2020ರ ಕೈಗಾರಿಕಾ ಸಂಬಂಧಗಳ ಸಂಹಿತೆಯೂ ಅದನ್ನು ಉಳಿಸಿಕೊಂಡಿದೆ. ಸರಿಯಾಗಿಯೇ ಇದೆ. ಆದರೆ ಅಲ್ಲಿರುವ "ಉದ್ದೇಶಪೂರ್ವಕ" ಎಂಬ ಪದವನ್ನು ಸಾಬೀತುಪಡಿಸುವ ಹೊಣೆ ಆರೋಪ ಹೊರಿಸಿದವರದು. ಎಷ್ಟು ಕೆಲಸ ನಿಗದಿಯಾಗಿತ್ತು, ಈ ವ್ಯಕ್ತಿ ಎಷ್ಟು ಮಾಡಿದ, ಏಕೆ ಕಡಿಮೆಯಾಯಿತು, ಇವನ್ನು ತೋರಿಸದೆ ಗೋ-ಸ್ಲೋ ನಿಲ್ಲುವುದಿಲ್ಲ. ಅದನ್ನು ನಾನು ಕಟಕಟೆಯಲ್ಲಿ ನಿಂತು ಕಲಿತೆ.

ಎರಡನೆಯದರ ಬಗ್ಗೆ 1979ರ ಒಂದು ತೀರ್ಪಿದೆ, ಕೇಂದ್ರ ಸರ್ಕಾರ ಮತ್ತು ಜೆ. ಅಹ್ಮದ್ ನಡುವಿನದು. ಅಸ್ಸಾಮಿನಲ್ಲಿ 1960ರಲ್ಲಿ ಭಾಷಾ ಗಲಭೆ ನಡೆದಾಗ ನೌಗಾಂವ್ ಜಿಲ್ಲೆಯ ಜಿಲ್ಲಾಧಿಕಾರಿಯಾಗಿದ್ದವರ ಮೇಲೆ ಮುಂದಾಲೋಚನೆಯಿಲ್ಲ, ನಾಯಕತ್ವವಿಲ್ಲ, ಪರಿಣಾಮಕಾರಿ ಕ್ರಮವಿಲ್ಲ ಎಂಬ ಆರೋಪಗಳನ್ನು ಹೊರಿಸಲಾಗಿತ್ತು. ಸುಪ್ರೀಂ ಕೋರ್ಟ್ ಹೇಳಿದ್ದು: ದಕ್ಷತೆಯ ಕೊರತೆ, ಅತ್ಯುನ್ನತ ಮಟ್ಟವನ್ನು ಮುಟ್ಟಲಾಗದಿರುವುದು, ಇವು ದುರ್ನಡತೆಯಲ್ಲ. ಬಡ್ತಿ ಕೊಡದಿರಲು ಅವು ಕಾರಣವಾಗಬಹುದು, ಶಿಸ್ತುಕ್ರಮಕ್ಕೆ ಆಧಾರವಾಗಲಾರವು. ಕಾವಲಿಗೆ ನಿಂತವನು ನಿದ್ದೆ ಹೋಗಿ ಶತ್ರು ಒಳನುಗ್ಗುವುದು, ರೈಲ್ವೆ ಕ್ಯಾಬಿನ್‌ನವನು ನಿಂತ ಗಾಡಿಯಿರುವ ಹಳಿಗೇ ಇನ್ನೊಂದು ಗಾಡಿಯನ್ನು ಬಿಡುವುದು, ಇಂಥ ನಿರ್ಲಕ್ಷ್ಯ ಬೇರೆ ಎಂದೂ ನ್ಯಾಯಾಲಯ ಸೇರಿಸಿತು. ಒಂದು ಜಿಲ್ಲೆ ಹೊತ್ತಿ ಉರಿದಾಗಲೂ ನಾಯಕತ್ವದ ಕೊರತೆ ದುರ್ನಡತೆಯಲ್ಲ ಎಂದಾದರೆ, ರಾತ್ರಿ ಹತ್ತರ ಕರೆಗೆ ಬಾರದ ತಾಯಿಯ "ಮಾಲೀಕತ್ವದ ಭಾವನೆ" ಯಾವ ಲೆಕ್ಕ?

ಮೂರನೆಯದಕ್ಕೆ ಬರುತ್ತೇನೆ. 1972ರಲ್ಲಿ ಬ್ರಿಟನ್ನಿನ ರೈಲ್ವೆ ನೌಕರರು ನಿಯಮಪುಸ್ತಕವನ್ನು ಅಕ್ಷರಶಃ ಪಾಲಿಸಿ ರೈಲುಗಳ ಓಡಾಟವನ್ನೇ ಅಸ್ತವ್ಯಸ್ತಗೊಳಿಸಿದರು. ಅಲ್ಲಿನ ಮೇಲ್ಮನವಿ ನ್ಯಾಯಾಲಯ ನೌಕರರ ವಿರುದ್ಧವೇ ತೀರ್ಪು ಕೊಟ್ಟಿತು, ಏಕೆಂದರೆ ಅವರ ಗುರಿ ಕೆಲಸ ಕೆಡಿಸುವುದಾಗಿತ್ತು. ಆದರೂ ಅದೇ ತೀರ್ಪಿನಲ್ಲಿ ಲಾರ್ಡ್ ಡೆನ್ನಿಂಗ್ ಒಂದು ಗೆರೆ ಎಳೆದರು. ಒಪ್ಪಂದ ಕೇಳುವುದಕ್ಕಿಂತ ಹೆಚ್ಚನ್ನು ಮಾಡಲು ಯಾವ ನೌಕರನೂ ಬದ್ಧನಲ್ಲ, ತನ್ನ ಸದ್ಭಾವನೆಯನ್ನು ಅವನು ಹಿಂತೆಗೆದುಕೊಳ್ಳಬಹುದು, ಬೇಕೆಂದೇ ಅಡ್ಡಿಪಡಿಸುವಂತಿಲ್ಲ ಎಂದರು. ಇಂಗ್ಲೆಂಡಿನ ತೀರ್ಪು ನಮ್ಮನ್ನು ಕಟ್ಟಿಹಾಕುವುದಿಲ್ಲ, ಆದರೆ ನಾನು ಹುಡುಕುತ್ತಿದ್ದ ಗೆರೆ ಅದೇ. ನಮ್ಮಲ್ಲಿಯೂ ಅದೇ ಗೆರೆಗೆ ಬೇರೆ ದಾರಿಯಿಂದ ತಲುಪಬಹುದು. 1977ರ ಡಿಸೆಂಬರ್ 29ರಂದು ಬ್ಯಾಂಕ್ ಆಫ್ ಇಂಡಿಯಾ ನೌಕರರು ನಾಲ್ಕು ಗಂಟೆ ಮುಷ್ಕರ ಹೂಡಿದರು. ಬ್ಯಾಂಕು ಇಡೀ ದಿನದ ಸಂಬಳ ಕಡಿತ ಮಾಡಿತು. 1990ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಕೆಲಸವಿಲ್ಲದಿದ್ದರೆ ಸಂಬಳವಿಲ್ಲ. ಮೂರು ದಶಕ ನಾನು ಈ ತೀರ್ಪನ್ನು ಕಾರ್ಮಿಕರ ಮುಂದೆ ಹಿಡಿದಿದ್ದೇನೆ. ಸಂಬಳವಿಲ್ಲದಿದ್ದರೆ ಕೆಲಸವಿಲ್ಲ ಎಂದು ಅದೇ ನಾಣ್ಯವನ್ನು ಕಾರ್ಮಿಕ ತಿರುಗಿಸಿ ತೋರಿಸಿದರೆ ನಮಗೆ ಸಿಟ್ಟೇಕೆ ಬರಬೇಕು?

ಹೆಚ್ಚುವರಿ ದುಡಿಮೆಗೆ ಬೆಲೆ ಕಟ್ಟಿರುವುದು ಕಾನೂನೇ. 1961ರ ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆ ಎಂದಿತು. ಅದಕ್ಕಿಂತ ಹೆಚ್ಚಾದರೆ ಎರಡರಷ್ಟು ವೇತನ, ಅದೂ ಮೂರು ತಿಂಗಳಿಗೆ 50 ಗಂಟೆ ಮೀರದಂತೆ. 2023ರ ಅಕ್ಟೋಬರ್‌ನಲ್ಲಿ ಇನ್ಫೋಸಿಸ್ ಸ್ಥಾಪಕರಾದ ಎನ್. ಆರ್. ನಾರಾಯಣಮೂರ್ತಿಯವರು ಯುವಜನರು ವಾರಕ್ಕೆ 70 ಗಂಟೆ ದುಡಿಯಬೇಕೆಂದಾಗ ಪತ್ರಿಕೆಗಳಲ್ಲಿ ಪರ ವಿರೋಧದ ಚರ್ಚೆ ನಡೆಯಿತು. ನಾನು ಕಾಗದ ಪೆನ್ನು ತೆಗೆದುಕೊಂಡು ಲೆಕ್ಕ ಹಾಕಿದೆ. 70ರಲ್ಲಿ 48 ಕಳೆದರೆ 22. ಆ 22 ಗಂಟೆಗೆ 44 ಗಂಟೆಯ ಸಂಬಳ ಕೊಡಬೇಕು. ಮೂರನೆಯ ವಾರ ಮುಗಿಯುವುದರೊಳಗೆ ಮೂರು ತಿಂಗಳ ಮಿತಿಯೇ ದಾಟಿಹೋಗುತ್ತದೆ. ದೇಶಪ್ರೇಮದ ಮಾತನ್ನು ನಾನು ಗೌರವಿಸುತ್ತೇನೆ. ಆದರೆ ಆ 44 ಗಂಟೆಯ ಸಂಬಳದ ಮಾತನ್ನು ಯಾರ ಬಾಯಲ್ಲೂ ಕೇಳಲಿಲ್ಲ.

ಹೆಚ್ಚುವರಿ ವೇತನ ಮಾಲೀಕರ ಔದಾರ್ಯವಲ್ಲ ಎಂದು ಸುಪ್ರೀಂ ಕೋರ್ಟ್ ಈಚೆಗೆ ಸ್ಪಷ್ಟವಾಗಿ ಹೇಳಿದೆ. ಕೋವಿಡ್ ಕಾಲದಲ್ಲಿ ಗುಜರಾತ್ ಸರ್ಕಾರ ದಿನಕ್ಕೆ 12 ಗಂಟೆ, ವಾರಕ್ಕೆ 72 ಗಂಟೆ ದುಡಿಸಬಹುದು, ಎರಡರಷ್ಟು ವೇತನ ಬೇಡ ಎಂದು ಅಧಿಸೂಚನೆ ಹೊರಡಿಸಿತ್ತು. 2020ರ ಅಕ್ಟೋಬರ್ 1ರಂದು ಗುಜರಾತ್ ಮಜ್ದೂರ್ ಸಭಾ ಪ್ರಕರಣದಲ್ಲಿ ನ್ಯಾಯಾಲಯ ಅದನ್ನು ರದ್ದುಮಾಡಿತು. ಮಾನವೀಯ ದುಡಿಮೆಯ ಸ್ಥಿತಿಯನ್ನೂ ಕಾನೂನು ಕೊಟ್ಟ ಓಟಿ ವೇತನವನ್ನೂ ನಿರಾಕರಿಸುವುದು ಸಂವಿಧಾನದ 21ನೆಯ ವಿಧಿ ಕೊಟ್ಟ ಬದುಕುವ ಹಕ್ಕಿಗೂ 23ನೆಯ ವಿಧಿ ಕೊಟ್ಟ ಬಲವಂತದ ದುಡಿಮೆಯ ವಿರುದ್ಧದ ಹಕ್ಕಿಗೂ ಧಕ್ಕೆ ಎಂದಿತು. ಬಲವಂತದ ದುಡಿಮೆ ಎಂದರೆ ನಮಗೆ ಜೀತದ ಮನೆ, ಇಟ್ಟಿಗೆ ಗೂಡು ನೆನಪಾಗುತ್ತವೆ. ಅವು ಘೋರ, ಅವುಗಳ ಪಕ್ಕದಲ್ಲಿ ಹವಾನಿಯಂತ್ರಿತ ಕಚೇರಿಯನ್ನು ನಾನು ನಿಲ್ಲಿಸುವುದಿಲ್ಲ. ಆದರೆ ಇಲ್ಲ ಎಂದರೆ ಕೆಲಸ ಹೋಗುತ್ತದೆ ಎಂಬ ಭಯದಿಂದ ಸಂಬಳವಿಲ್ಲದೆ ಮಾಡುವ ಕೆಲಸಕ್ಕೆ ಸ್ವಂತ ಇಚ್ಛೆಯ ಕೆಲಸ ಎನ್ನಲು ನನ್ನ ನಾಲಿಗೆ ಏಳುವುದಿಲ್ಲ.

ನೇಮಕಾತಿ ಪತ್ರದಲ್ಲಿ "ಕೆಲಸದ ಅಗತ್ಯಕ್ಕೆ ತಕ್ಕಂತೆ ಎಷ್ಟು ಹೊತ್ತಾದರೂ" ಎಂದು ಬರೆಸಿಕೊಂಡಿರುತ್ತಾರೆ, ಅದಕ್ಕೆ ಸಹಿ ಹಾಕಿದ ಮೇಲೆ ಮಾತೇಕೆ ಎಂದು ಕೇಳುವವರಿದ್ದಾರೆ. ಅಂಥ ಷರತ್ತುಗಳನ್ನು ನಾನೇ ಟೈಪ್ ಮಾಡಿಸಿದ್ದೇನೆ. ಕಾನೂನನ್ನು ನಿಷ್ಫಲಗೊಳಿಸುವ ಕರಾರು ಅಸಿಂಧು ಎಂದು 1872ರ ಕರಾರು ಕಾಯ್ದೆಯ 23ನೆಯ ಪ್ರಕರಣ ಹೇಳುತ್ತದೆ. 1986ರಲ್ಲಿ ಸೆಂಟ್ರಲ್ ಇನ್‌ಲ್ಯಾಂಡ್ ವಾಟರ್ ಟ್ರಾನ್ಸ್‌ಪೋರ್ಟ್ ಕಾರ್ಪೊರೇಷನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಚೌಕಾಸಿಗೆ ಅವಕಾಶವೇ ಇಲ್ಲದ ನೌಕರನಿಂದ ಸಹಿ ಮಾಡಿಸಿಕೊಂಡ ಕ್ರೂರ ಷರತ್ತನ್ನು ಇದೇ ಪ್ರಕರಣದಡಿ ಹೊಡೆದುಹಾಕಿತು. ಅದು ಸರ್ಕಾರಿ ಒಡೆತನದ ನಿಗಮ, ಖಾಸಗಿ ಕಂಪನಿಗೆ ಅದನ್ನು ನೇರವಾಗಿ ಅನ್ವಯಿಸುವುದು ಸುಲಭವಲ್ಲ ಎಂಬುದು ನನಗೆ ಗೊತ್ತು. ಚುಚ್ಚುವ ಮುಳ್ಳು ಇರುವುದೇ ಇಲ್ಲಿ. ಟರ್ನರ್‌ಗೆ ಕಾರ್ಮಿಕ ನ್ಯಾಯಾಲಯವಿತ್ತು. ನನ್ನ ಅಕ್ಕನ ಮಗಳ ಹುದ್ದೆಯ ಹೆಸರು "ಲೀಡ್", ಅಂದರೆ ತಂಡದ ಮುಂದಾಳು. ಯಾರನ್ನೂ ನೇಮಿಸುವ, ರಜೆ ಮಂಜೂರು ಮಾಡುವ ಅಧಿಕಾರ ಅವಳಿಗಿಲ್ಲ. ಹುದ್ದೆಯ ಹೆಸರಲ್ಲ, ಮಾಡುವ ಕೆಲಸವೇ ಮುಖ್ಯ ಎಂದು ನ್ಯಾಯಾಲಯಗಳು ಪದೇಪದೇ ಹೇಳಿದ್ದರೂ, ಆ ಒಂದು ಪದವನ್ನು ಹಿಡಿದು ಇವಳು ಕಾರ್ಮಿಕಳೇ ಅಲ್ಲ ಎಂದು ವರ್ಷಗಟ್ಟಲೆ ವಾದಿಸಬಹುದು. ಕಾರ್ಮಿಕಳಲ್ಲ ಎಂದಾದರೆ ಉಳಿಯುವುದು ಸಿವಿಲ್ ನ್ಯಾಯಾಲಯ. ಅಲ್ಲಿ ಮರಳಿ ಕೆಲಸ ಕೊಡಿಸುವ ಆದೇಶ ಸಿಗುವುದಿಲ್ಲ, ಸಿಕ್ಕರೆ ಪರಿಹಾರ ಮಾತ್ರ.

ಈ ಪತ್ರವನ್ನು ಓದುವ ಸಾರ್ವಜನಿಕರಲ್ಲಿ ಕೆಲವರು ಈಗ ಗೊಣಗುತ್ತಿರಬಹುದು. ತಾಲ್ಲೂಕು ಕಚೇರಿಯ ಕೌಂಟರಿನ ಮುಂದೆ ಮೂರು ದಿನ ಅಲೆದವರು "ಕನಿಷ್ಠ ಕೆಲಸವೂ ಮಾಡದವರ ಬಗ್ಗೆ ಬರೆಯಿರಿ" ಎನ್ನಬಹುದು. ಅವರ ಸಿಟ್ಟು ನ್ಯಾಯವಾದದ್ದು. ಆದರೆ ಅದು ಒಪ್ಪಿದ್ದನ್ನು ಮಾಡದವರ ಕಥೆ. ಅದಕ್ಕೆ ಕಾನೂನು ಈಗಾಗಲೇ ಇದೆ. ಕೇಂದ್ರ ನೌಕರರ ನಡತೆ ನಿಯಮಗಳ ಪ್ರಕಾರ ಒಪ್ಪಿಸಿದ ಕೆಲಸವನ್ನು ನಿಗದಿತ ಸಮಯದಲ್ಲಿ, ನಿರೀಕ್ಷಿತ ಗುಣಮಟ್ಟದಲ್ಲಿ ಮಾಡಲು ರೂಢಿಯಾಗಿ ತಪ್ಪುವವನನ್ನು ಕರ್ತವ್ಯನಿಷ್ಠೆಯಿಲ್ಲದವನೆಂದೇ ಭಾವಿಸಬೇಕು. ನಮ್ಮ ಸಕಾಲ ಕಾಯ್ದೆ ವಿಳಂಬಕ್ಕೆ ದಿನಕ್ಕೆ 20 ರೂಪಾಯಿಯಂತೆ 500 ರೂಪಾಯಿವರೆಗೆ ಪರಿಹಾರ ಇಟ್ಟಿದೆ. ಮೊತ್ತ ಚಿಕ್ಕದು, ಕೇಳಿ ಪಡೆಯುವವರೂ ಕಡಿಮೆ. ಆದರೆ ಆ ಸಿಟ್ಟನ್ನು ಆರೂವರೆಯವರೆಗೆ ತಲೆ ಎತ್ತದೆ ದುಡಿದು ಮನೆಗೆ ಹೊರಟವರ ಮೇಲೆ ತೀರಿಸಿಕೊಳ್ಳಬಾರದು.

ಕಾರ್ಖಾನೆಯ ಗೋಡೆಗಳ ಮೇಲೆ "ಕಾಯಕವೇ ಕೈಲಾಸ" ಎಂದು ಬರೆಸುವ ರೂಢಿ ನಮ್ಮಲ್ಲಿದೆ. ನಮ್ಮ ಗೇಟಿನ ಮೇಲೂ ಇತ್ತು. ಅದೇ ಪರಂಪರೆಯಲ್ಲಿ ಆಯ್ದಕ್ಕಿ ಮಾರಯ್ಯ ಒಂದು ದಿನ ಹೆಚ್ಚು ಅಕ್ಕಿ ಆಯ್ದು ತಂದಾಗ ಲಕ್ಕಮ್ಮ ಹೆಚ್ಚಾದದ್ದನ್ನು ಹಿಂದಿರುಗಿಸಿ ಬರುವಂತೆ ಕಳುಹಿಸಿದ ಕಥೆಯೂ ಇದೆ. ನಮ್ಮ ಗೋಡೆಯ ಮೇಲೆ ಲಕ್ಕಮ್ಮನಿಗೆ ಜಾಗವಿರಲಿಲ್ಲ.

ಈಗ ತಮ್ಮ ಇಲಾಖೆಯ ವಿಷಯ. ಸಚಿವರೇ, ಕಾರ್ಮಿಕರ ವಿಷಯದಲ್ಲಿ ಕರ್ನಾಟಕ ಒಂದು ಕಾಲದಲ್ಲಿ ದೇಶಕ್ಕೇ ಮುಂದಿತ್ತು. ವಜಾಗೊಂಡ ಕಾರ್ಮಿಕ ಸರ್ಕಾರದ ಶಿಫಾರಸಿಗೆ ಕಾಯದೆ ನೇರವಾಗಿ ಕಾರ್ಮಿಕ ನ್ಯಾಯಾಲಯಕ್ಕೆ ಹೋಗುವ ದಾರಿಯನ್ನು ಕೇಂದ್ರ ಮಾಡಿಕೊಟ್ಟದ್ದು 2010ರಲ್ಲಿ. ನಮ್ಮ ರಾಜ್ಯ ಕೈಗಾರಿಕಾ ವಿವಾದಗಳ ಕಾಯ್ದೆಗೆ ತಂದ 10(4ಎ) ತಿದ್ದುಪಡಿಯ ಮೂಲಕ 1988ರಲ್ಲೇ ಅದನ್ನು ಮಾಡಿತ್ತು. ನಮ್ಮ ಟರ್ನರ್ ಹೋದದ್ದು ಅದೇ ಬಾಗಿಲಿನಿಂದ. ಅಂಥ ರಾಜ್ಯ ಈಚಿನ ವರ್ಷಗಳಲ್ಲಿ ಏನು ಮಾಡಿದೆ? 2020ರ ಮೇ ತಿಂಗಳಲ್ಲಿ ಕಾರ್ಖಾನೆಗಳಲ್ಲಿ ದಿನಕ್ಕೆ 10 ಗಂಟೆ, ವಾರಕ್ಕೆ 60 ಗಂಟೆ ಎಂದಿತು, ಹೈಕೋರ್ಟಿನಲ್ಲಿ ಪ್ರಶ್ನೆ ಎದ್ದ ಮೇಲೆ ಜೂನ್‌ನಲ್ಲಿ ಹಿಂಪಡೆಯಿತು. 2023ರಲ್ಲಿ ಕಾರ್ಖಾನೆಗಳಲ್ಲಿ 12 ಗಂಟೆಯ ದಿನಕ್ಕೆ ತಿದ್ದುಪಡಿ ತಂದಿತು. 2024ರ ಜುಲೈನಲ್ಲಿ ಐಟಿ ವಲಯಕ್ಕೆ 14 ಗಂಟೆಯ ದಿನದ ಪ್ರಸ್ತಾಪ ಬಂತು. 2025ರ ಜೂನ್‌ನಲ್ಲಿ ಅಂಗಡಿ ಕಾಯ್ದೆಯ 9 ಗಂಟೆಯನ್ನು 10ಕ್ಕೆ, ಮೂರು ತಿಂಗಳ 50 ಗಂಟೆಯ ಓಟಿಯನ್ನು 144ಕ್ಕೆ ಏರಿಸುವ ಪ್ರಸ್ತಾಪ ಬಂತು. ಪ್ರತಿ ಸಲವೂ ರಾಜ್ಯದ ಐಟಿ ನೌಕರರ ಸಂಘ ಕಿಟು ಮತ್ತು ಇತರ ಕಾರ್ಮಿಕ ಸಂಘಟನೆಗಳು ಕೂಗು ಹಾಕಬೇಕಾಗುತ್ತದೆ. ಗಂಟೆ ಹೆಚ್ಚಿಸಲು ಕಡತ ತಾನಾಗಿಯೇ ಓಡುತ್ತದೆ, ಇಷ್ಟು ಸಾಕು ಎನ್ನುವವನ ರಕ್ಷಣೆಗೆ ಒಂದು ಸುತ್ತೋಲೆಯೂ ಹೊರಡುವುದಿಲ್ಲ.

ಸ್ಥಾಯಿ ಆದೇಶಗಳಿಂದ ಐಟಿ ವಲಯಕ್ಕೆ ಕೊಟ್ಟಿರುವ ವಿನಾಯಿತಿಯೇ ನನ್ನನ್ನು ಎಲ್ಲಕ್ಕಿಂತ ಹೆಚ್ಚು ಕಾಡುವ ಸಂಗತಿ. ಸ್ಥಾಯಿ ಆದೇಶ ಎಂದರೆ ಏನು ಮಾಡಿದರೆ ದುರ್ನಡತೆ, ಅದಕ್ಕೆ ಹೇಗೆ ವಿಚಾರಣೆ, ಯಾವ ಶಿಕ್ಷೆ ಎಂಬುದನ್ನು ಮೊದಲೇ ಬರೆದು, ಕಾರ್ಮಿಕ ಇಲಾಖೆಯಿಂದ ಪ್ರಮಾಣೀಕರಿಸಿ, ಎಲ್ಲರಿಗೂ ಕಾಣುವಂತೆ ತೂಗುಹಾಕುವ ದಾಖಲೆ. 1946ರ ಸ್ಥಾಯಿ ಆದೇಶಗಳ ಕಾಯ್ದೆಯ ಮಾದರಿ ಆದೇಶಗಳಲ್ಲಿ "ರೂಢಿಯಾಗಿ ಕೆಲಸದಲ್ಲಿ ನಿರ್ಲಕ್ಷ್ಯ" ದುರ್ನಡತೆಯ ಪಟ್ಟಿಯಲ್ಲಿತ್ತು. ಒಪ್ಪಿದ್ದಕ್ಕಿಂತ ಹೆಚ್ಚು ಮಾಡದಿರುವುದು ಆ ಪಟ್ಟಿಯಲ್ಲಿ ಎಲ್ಲಿಯೂ ಇರಲಿಲ್ಲ. ಆ ಗೆರೆಯನ್ನು ಐಟಿ ನೌಕರರ ಮಟ್ಟಿಗೆ 2014ರ ಜನವರಿಯಲ್ಲಿ ಐದು ವರ್ಷಕ್ಕೆ ಅಳಿಸಲಾಯಿತು. 2019ರಲ್ಲಿ ಮತ್ತೆ ಐದು ವರ್ಷ. 2024ರಲ್ಲಿ ಮತ್ತೆ ಐದು ವರ್ಷ. ಕುಂದುಕೊರತೆ ಸಮಿತಿ ಇರಬೇಕು, ಅಮಾನತು, ವಜಾದಂಥ ಕ್ರಮಗಳನ್ನು ಕಾರ್ಮಿಕ ಇಲಾಖೆಗೆ ತಿಳಿಸಬೇಕು ಎಂಬ ಷರತ್ತುಗಳು ಆ ವಿನಾಯಿತಿ ಆದೇಶಗಳಲ್ಲಿವೆ. ಆದರೆ ಪಿಐಪಿಯ ಅರವತ್ತನೆಯ ದಿನ ಬರೆಸಿಕೊಂಡ ರಾಜೀನಾಮೆ ವಜಾ ಅಲ್ಲ. ಅದು ಕಾಗದದ ಮೇಲೆ ಸ್ವಇಚ್ಛೆ. ಹಾಗಾಗಿ ಇಲಾಖೆಯ ಯಾವ ಪಟ್ಟಿಗೂ ಅದು ಸೇರುವುದಿಲ್ಲ. ಅಂಥ ರಾಜೀನಾಮೆಗಳನ್ನು ನಾನು ನನ್ನ ಮೇಜಿನ ಮೇಲೆ ಸ್ವೀಕರಿಸಿದ್ದೇನೆ. ಬರೆಯುವವರ ಕೈ ಹೇಗಿರುತ್ತದೆ ಎಂದು ನೋಡಿದ್ದೇನೆ.

2025ರ ನವೆಂಬರ್ 21ರಿಂದ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ. ದಿನಕ್ಕೆ 8 ಗಂಟೆ, ಓಟಿಗೆ ಎರಡರಷ್ಟು ವೇತನ ಅಲ್ಲಿಯೂ ಇವೆ. ಓಟಿಗೆ ಕಾರ್ಮಿಕರ ಒಪ್ಪಿಗೆ ಬೇಕೆಂಬ ಮಾತೂ ಇದೆ. ಒಪ್ಪಿಗೆ ಬೇಕು ಎಂದರೆ ಒಪ್ಪದಿರುವ ಹಕ್ಕೂ ಇದೆ ಎಂದೇ ಅರ್ಥ. ಆದರೆ ಸ್ಥಾಯಿ ಆದೇಶಗಳು ಇನ್ನು 300 ಅಥವಾ ಹೆಚ್ಚು ಕಾರ್ಮಿಕರಿರುವ ಸಂಸ್ಥೆಗಳಿಗೆ ಮಾತ್ರ. ಹಿಂದೆ ಕೇಂದ್ರ ಕಾಯ್ದೆಯಲ್ಲಿ ಈ ಸಂಖ್ಯೆ 100 ಇತ್ತು. ವಿನಾಯಿತಿ ಕೊಡುವ ಅಧಿಕಾರ ಸಂಹಿತೆಯಲ್ಲಿಯೂ ಉಳಿದಿದೆ. ಅದನ್ನು ಬಳಸಬೇಡಿ ಎಂಬುದು ನನ್ನ ಮೊದಲ ಬೇಡಿಕೆ. ಬಳಸಲೇಬೇಕಾದರೆ, ಪಿಐಪಿಯ ಅವಧಿಯಲ್ಲಿ ಅಥವಾ ಅದು ಮುಗಿದ ಮೂರು ತಿಂಗಳೊಳಗೆ ಬಂದ ಪ್ರತಿ ರಾಜೀನಾಮೆಯನ್ನೂ ವಜಾದಂತೆಯೇ ಇಲಾಖೆಗೆ ವರದಿ ಮಾಡಬೇಕೆಂಬ ಷರತ್ತು ಸೇರಿಸಿ. ಪಿಐಪಿ ಪತ್ರದಲ್ಲಿ ಯಾವ ಕೆಲಸ, ಎಷ್ಟು, ಯಾವ ದಿನದೊಳಗೆ ಎಂಬುದು ಸಂಖ್ಯೆಯಲ್ಲಿ ಇರಬೇಕು. ಭಾವನೆ, ಮನೋಭಾವ, ಉತ್ಸಾಹ ಎಂಬ ಪದಗಳ ಮೇಲೆ ಯಾರ ಅನ್ನವನ್ನೂ ಕಿತ್ತುಕೊಳ್ಳುವಂತಿಲ್ಲ ಎಂದು ಬರೆಯಿರಿ. ಆರು ತಿಂಗಳ ಸೇವೆ ಮುಗಿಸಿದವರನ್ನು ಸಕಾರಣವಿಲ್ಲದೆ ತೆಗೆಯುವಂತಿಲ್ಲ ಎಂದು ನಮ್ಮ ಅಂಗಡಿ ಕಾಯ್ದೆಯ 39ನೆಯ ಪ್ರಕರಣ ಹೇಳುತ್ತದೆ. ಸಂಬಳವಿಲ್ಲದ ಹೆಚ್ಚುವರಿ ಕೆಲಸಕ್ಕೆ ಒಪ್ಪದಿರುವುದು "ಸಕಾರಣ" ಅಲ್ಲ ಎಂಬ ಒಂದು ವಾಕ್ಯವನ್ನು ಅಲ್ಲಿಗೆ ಸೇರಿಸಲು ತಿದ್ದುಪಡಿ ತನ್ನಿ. ಗಂಟೆ ಹೆಚ್ಚಿಸುವ ತಿದ್ದುಪಡಿಗೆ ಹೊರಟಿದ್ದ ಕಡತ ಇದಕ್ಕೂ ಹೊರಡಬಹುದು.

ಇದು ಅಸಾಧ್ಯದ ಮಾತಲ್ಲ. ಫ್ರಾನ್ಸ್ 2017ರಿಂದ, ಆಸ್ಟ್ರೇಲಿಯಾ 2024ರ ಆಗಸ್ಟ್ 26ರಿಂದ ಕೆಲಸದ ಹೊತ್ತು ಮುಗಿದ ಮೇಲೆ ಕರೆಗೆ ಓಗೊಡದಿರುವ ಹಕ್ಕನ್ನು ಕಾನೂನಿನಲ್ಲಿ ಬರೆದುಕೊಂಡಿವೆ. ನಮ್ಮ ಲೋಕಸಭೆಯಲ್ಲಿಯೂ 2018ರಲ್ಲಿ ಸುಪ್ರಿಯಾ ಸುಳೆಯವರು ಇಂಥ ಖಾಸಗಿ ಮಸೂದೆ ಮಂಡಿಸಿದ್ದರು. ಮೆಲ್ಬರ್ನ್‌ನಲ್ಲಿ ಕುಳಿತ ಕನ್ನಡದ ಹುಡುಗ ಸಂಜೆ ಮೊಬೈಲ್ ಬದಿಗಿಟ್ಟರೆ ಅದು ಹಕ್ಕು. ಮಾರತ್ತಹಳ್ಳಿಯಲ್ಲಿ ಕುಳಿತ ಅವನ ತಂಗಿ ಅದನ್ನೇ ಮಾಡಿದರೆ ಅದು ಬದ್ಧತೆಯ ಕೊರತೆ.

ನನ್ನ ಅಕ್ಕನ ಮಗಳು ಇನ್ನೂ ರಾಜೀನಾಮೆ ಕೊಟ್ಟಿಲ್ಲ. ಗಡುವು ಮುಗಿದ ಮೇಲೆ ಅದನ್ನು ಇನ್ನಷ್ಟು ವಿಸ್ತರಿಸಿದ್ದಾರೆ. ಆರೂವರೆಗೆ ಹೊರಡುವುದನ್ನು ಅವಳು ಬಿಟ್ಟಿಲ್ಲ, ಆದರೆ ಈಗ ಹೊರಡುವಾಗ ಬ್ಯಾಗನ್ನು ಮೇಜಿನ ಕೆಳಗಿನಿಂದ ಯಾರಿಗೂ ಕಾಣದಂತೆ ಎತ್ತಿಕೊಳ್ಳುತ್ತಾಳಂತೆ. ಕದ್ದು ಹೋಗುವವಳಂತೆ. ಅದನ್ನು ಹೇಳುವಾಗ ಅವಳ ಮುಖ ನೋಡಲಾಗಲಿಲ್ಲ.

ಟರ್ನರ್ ಪ್ರಕರಣದ ತೀರ್ಪಿನ ದೃಢೀಕೃತ ಪ್ರತಿ ನನ್ನ ಬಳಿ ಇದೆ. ಪಾಟಿ ಸವಾಲಿನಲ್ಲಿ ನಾನು ಕೊಟ್ಟ ಎರಡು ಉತ್ತರಗಳು ಅದರಲ್ಲಿವೆ. ಹೊಸ ಸಂಹಿತೆಗಳ ನಿಯಮಗಳ ಕರಡು ನೋಡುವ ಅಧಿಕಾರಿಗಳು ಕರೆದರೆ ಬನ್ನೇರುಘಟ್ಟ ರಸ್ತೆಯ ಕಾರ್ಮಿಕ ಭವನಕ್ಕೆ ಅದನ್ನು ಹಿಡಿದುಕೊಂಡು ಬರುತ್ತೇನೆ. ಯಾವ ದಿನವಾದರೂ ಸರಿ.

ಇಂತು ತಮ್ಮ ವಿಶ್ವಾಸಿ,
ನಿವೃತ್ತ ಸಿಬ್ಬಂದಿ ಅಧಿಕಾರಿ,
ಬೆಂಗಳೂರು